ರಿಫರ್ಬಿಷ್ಡ್ ಲ್ಯಾಪ್‌ಟಾಪ್‌ಗೆ ಹೂಂ, ಡೆಮೊ ಟಿವಿಗೆ ಬೇಡ

ಯಾವುದೋ ಆಫೀಸಿನಲ್ಲಿ ದುಡಿದು ಬಂದ ರಿಫರ್ಬಿಷ್ಡ್ (ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರುವ) ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ನನ್ನ ಕೈ ಸೇರಿ ವರ್ಷಗಳಾದವು. ದಿನದ ಕೆಲಸವೆಲ್ಲ ಈಗಲೂ ಅದರಲ್ಲೇ. ಅಂಗಡಿಯಲ್ಲಿ ಡೆಮೊಗೆ ಇಟ್ಟಿದ್ದ ಓಎಲ್‌ಇಡಿ ಟಿವಿಯೂ ಮನೆಯಲ್ಲಿದೆ. ಮತ್ತೆ ಕೊಳ್ಳುವುದಾದರೆ ಲ್ಯಾಪ್‌ಟಾಪ್ ಇಂಥದ್ದನ್ನೇ ಕೊಳ್ಳುತ್ತೇನೆ. ಡೆಮೊ ಟಿವಿ ಮಾತ್ರ ಬೇಡವೇ ಬೇಡ.

ರಿಫರ್ಬಿಷ್ಡ್ ಅಂದರೆ ಯಾರೋ ಬಳಸಿ ಬಿಟ್ಟಿದ್ದು, ಡೆಮೊ ಅಂದರೆ ಹೆಚ್ಚುಕಮ್ಮಿ ಹೊಸದು ಅಂತ ತುಂಬಾ ಜನ ತಿಳಿದಿದ್ದಾರೆ. ಆದರೆ ಡೆಮೊ ಟಿವಿ ಅಂಗಡಿ ತೆರೆದಾಗಿನಿಂದ ಬಾಗಿಲು ಹಾಕುವವರೆಗೂ ಓಡುತ್ತಲೇ ಇರುತ್ತದೆ. ಅದೂ ಕಣ್ಣು ಕುಕ್ಕುವ ಬ್ರೈಟ್‌ನೆಸ್‌ನಲ್ಲಿ, ಅದೇ ವಿಡಿಯೊ ಮತ್ತೆ ಮತ್ತೆ. ಓಎಲ್‌ಇಡಿಯಲ್ಲಿ ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಕು ಕೊಡುತ್ತದೆ, ಜಾಸ್ತಿ ಉರಿದದ್ದು ಬೇಗ ಮಂಕಾಗುತ್ತದೆ. ನಮ್ಮ ಟಿವಿಯಲ್ಲಿ ಪರದೆ ತುಂಬಾ ಹಳದಿಯೋ ಕೆಂಪೋ ಬಂದರೆ ಸಾಕು, ಮೂಲೆಯಲ್ಲಿ ಡೆಮೊ ವಿಡಿಯೊದ ಲೋಗೊ ನೆರಳಿನ ಹಾಗೆ ಕಾಣುತ್ತದೆ. ಹೀಗೆ ಅಚ್ಚೊತ್ತಿ ಉಳಿಯುವ ‘ಬರ್ನ್-ಇನ್’ ವಾರಂಟಿಗೆ ಸೇರಲ್ಲ ಅಂದರು ಅಂಗಡಿಯವರು. ಪ್ಯಾನೆಲ್ ಬದಲಾಯಿಸೋಣ ಅಂದರೆ ಹೊಸ ಟಿವಿಯ ಹತ್ತಿರಹತ್ತಿರ ಖರ್ಚು.

ಲ್ಯಾಪ್‌ಟಾಪಿನಲ್ಲಿ ಹಾಗಲ್ಲ. ಮುಖ್ಯವಾಗಿ ಸವೆಯುವುದು ಬ್ಯಾಟರಿ, ಫ್ಯಾನ್, ಕೀಬೋರ್ಡ್, ಫೈಲ್‌ಗಳನ್ನು ಇಡುವ ಎಸ್‌ಎಸ್‌ಡಿ. ಆಫೀಸಿಗೆಂದೇ ಮಾಡಿದ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಇವನ್ನು ಸ್ಕ್ರೂ ಬಿಚ್ಚಿ ಬದಲಾಯಿಸಬಹುದು. ನನ್ನದಕ್ಕೆ ‘ಎ ಗ್ರೇಡ್’ ಅಂತ ಬರೆದಿದ್ದರು. ಮೈಮೇಲೆ ನಿಜವಾಗಿಯೂ ಒಂದು ಗೀರಿರಲಿಲ್ಲ. ಆದರೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದರೆ ಡಿಸೈನ್ ಕೆಪಾಸಿಟಿ (ಹೊಸದರಲ್ಲಿ ಹಿಡಿಯಬೇಕಾದ ಚಾರ್ಜ್) 57 ವ್ಯಾಟ್-ಅವರ್, ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವುದು) ಬರೀ 34! ಗ್ರೇಡ್ ಕೊಡುವುದು ಸಾಮಾನ್ಯವಾಗಿ ಹೊರಗಿನ ಅಂದ ನೋಡಿ. ಒಳಗೆ ಎಷ್ಟು ಸವೆದಿದೆ ಅಂತ ನಾವೇ ನೋಡಿಕೊಳ್ಳಬೇಕು. ಬ್ಯಾಟರಿ ಹೊಸದು ಹಾಕಿಸಿ, ಪ್ರೊಸೆಸರ್ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಾಯಿಸಿದೆ. ಸದಾ ಗುಂಯ್ ಅನ್ನುತ್ತಿದ್ದ ಫ್ಯಾನ್ ಸುಮ್ಮನಾಯಿತು. ಸ್ಪೇಸ್ ಬಾರ್ ಬಲಗಡೆ ಮಾತ್ರ ಹೆಬ್ಬೆರಳು ಬೀಳುವ ಜಾಗ ಸವೆದು ಹೊಳೆಯುತ್ತಿದೆ, ಇರಲಿ ಬಿಡಿ.

ಹಣ ಕೊಡುವ ಮುಂಚೆ ಬಯೋಸ್ (ವಿಂಡೋಸ್‌ಗೂ ಮೊದಲು ಶುರುವಾಗುವ ಮೂಲ ಸಾಫ್ಟ್‌ವೇರ್) ಪಾಸ್‌ವರ್ಡ್ ಇದೆಯಾ, ಹಳೇ ಕಂಪನಿಯ ಲಾಕ್ ಇನ್ನೂ ಉಳಿದಿದೆಯಾ ಅಂತ ಆನ್ ಮಾಡಿಸಿಯೇ ನೋಡಿ. ಪ್ರೊಸೆಸರ್ ಇಂಟೆಲ್‌ನದಾದರೆ 8ನೇ ಜನರೇಷನ್‌ಗಿಂತ ಹಳೆಯದು ಬೇಡ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 8ನೇ ಜನರೇಷನ್‌ಗಿಂತ ಹಳೆಯ ಇಂಟೆಲ್ ಪ್ರೊಸೆಸರ್‌ಗಳು ವಿಂಡೋಸ್ 11 ಸಪೋರ್ಟ್ ಮಾಡುವವುಗಳ ಪಟ್ಟಿಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಫೋನ್ ಮಾತ್ರ ನಾನು ಹೊಸದನ್ನೇ ಕೊಳ್ಳುತ್ತೇನೆ. ರಿಪೇರಿಗೆ ಒಮ್ಮೆ ಬಿಚ್ಚಿದ ಫೋನಿಗೆ ನೀರು ತಡೆಯುವ ಶಕ್ತಿ ಮೊದಲಿನಷ್ಟೇ ಇರುತ್ತದೆ ಅಂತ ನಂಬುವ ಹಾಗಿಲ್ಲ. ಅಪ್‌ಡೇಟ್ ಕೊಡುವ ವರ್ಷಗಳನ್ನು ಎಣಿಸುವುದೂ ಆ ಮಾಡೆಲ್ ಬಿಡುಗಡೆಯಾದಾಗಿನಿಂದ, ನಾವು ಕೊಂಡಾಗಿನಿಂದ ಅಲ್ಲ.