ಲೋ ನಾಕ್ಸ್ ಬರ್ನರ್ ಇರುವ ಥರ್ಮಿಕ್ ಫ್ಲೂಯಿಡ್ ಹೀಟರ್: ಆರು ವರ್ಷ ಓಡಿಸಿದ ಮೇಲೆ

ನಮ್ಮ ಪ್ಲಾಂಟ್‌ಗೆ ಈ ಹೀಟರ್ ಬಂದು ಆರು ವರ್ಷ ಆಯ್ತು. ಗ್ಯಾಸ್‌ನಲ್ಲಿ ಉರಿಯುವ ಥರ್ಮಿಕ್ ಫ್ಲೂಯಿಡ್ ಹೀಟರ್, ಅಂದರೆ ಎಣ್ಣೆ ಕಾಯಿಸಿ ಅದರ ಮೂಲಕ ಪ್ಲಾಂಟ್‌ಗೆ ಬಿಸಿ ಕೊಡುವ ಯಂತ್ರ. ಒಳಗೆ ಎಣ್ಣೆ ಹರಿಯುವ ಸುರುಳಿ ಕಾಯಿಲ್, ಮುಂದೆ ಲೋ ನಾಕ್ಸ್ ಬರ್ನರ್, ಅಂದರೆ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್‌ಗಳು (ನಾಕ್ಸ್) ಕಡಿಮೆ ಬರುವ ಬರ್ನರ್. ಎಣ್ಣೆಯನ್ನು 280 ಡಿಗ್ರಿಗೆ ಕಾಯಿಸಿ ಮೂರು ಶಿಫ್ಟೂ ಓಡಿಸುತ್ತೇವೆ. ಮೊದಲ ತಿಂಗಳಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಎರಡನೇ ವರ್ಷದಲ್ಲಿ ಕೇಳಿದ್ದರೆ ಎರಡು. ಈಗ ನಾಲ್ಕು ಕೊಡುತ್ತಿದ್ದೇನೆ. ಕಂಪನಿ ಹೆಸರು ಹಾಕಿಲ್ಲ, ಯಾಕೆಂದರೆ ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಯಾರ ಹೀಟರ್ ತಗೊಂಡರೂ ನಿಮಗೆ ಎದುರಾಗುತ್ತದೆ.

ಸ್ಟೀಮ್ ಬಿಟ್ಟು ಇದಕ್ಕೆ ಬಂದದ್ದು ಸರಿಯಾಯಿತಾ ಅಂತ ಬಹಳ ಜನ ಕೇಳುತ್ತಾರೆ. ಸರಿಯಾಯಿತು. 300 ಡಿಗ್ರಿ ಬಿಸಿಯನ್ನು ಸ್ಟೀಮ್‌ನಿಂದಲೇ ತೆಗೆಯಬೇಕು ಅಂದರೆ ಒತ್ತಡ ಸುಮಾರು 86 ಬಾರ್‌ಗೆ ಹೋಗುತ್ತದೆ. ಆ ಒತ್ತಡಕ್ಕೆ ಪೈಪು, ವಾಲ್ವು, ತಪಾಸಣೆ ಎಲ್ಲವೂ ಬೇರೆಯೇ ದರ್ಜೆಯದು ಬೇಕು. ಎಣ್ಣೆಯಲ್ಲಾದರೆ ಪಂಪ್ ತಳ್ಳುವಷ್ಟೇ ಒತ್ತಡ. ನೀರು ಶುದ್ಧಿ ಮಾಡುವ ಕೆಲಸವಿಲ್ಲ, ಸ್ಟೀಮ್ ಟ್ರ್ಯಾಪ್ ಇಲ್ಲ. ಉಷ್ಣತೆಯೂ ಸ್ಥಿರವಾಗಿ ನಿಲ್ಲುತ್ತದೆ. ಈ ವಿಷಯದಲ್ಲಿ ಒಂದು ದಿನವೂ ಬೇಸರ ಆಗಿಲ್ಲ.

ತಲೆನೋವು ಬಂದದ್ದೆಲ್ಲ ಬರ್ನರ್ ಕಡೆಯಿಂದ. ಮಾರುವಾಗ ಹೇಳಿದ್ದು, ನಾಕ್ಸ್ 30 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 30) ಒಳಗೆ ಇರುತ್ತದೆ, ಒಮ್ಮೆ ಗಾಳಿ, ಗ್ಯಾಸ್ ಪ್ರಮಾಣ ಹೊಂದಿಸಿ ಟ್ಯೂನ್ ಮಾಡಿದರೆ ಮತ್ತೆ ಮುಟ್ಟುವ ಹಾಗೇ ಇಲ್ಲ ಅಂತ. ಮೊದಲ ಮಾತು ನಿಜ, ಎರಡನೆಯದು ನಿಜವಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜ್ವಾಲೆಯ ಬಿಸಿ 1,500 ಡಿಗ್ರಿ ಆಸುಪಾಸು ದಾಟಿದ ಮೇಲೆ ಗಾಳಿಯಲ್ಲಿರುವ ನೈಟ್ರೋಜನ್ನೇ ಆಕ್ಸಿಜನ್ ಜೊತೆ ಸೇರಿ ನಾಕ್ಸ್ ಆಗುವುದು ಏಕಾಏಕಿ ಜಾಸ್ತಿ ಆಗುತ್ತದೆ. ಹಾಗಾಗಿ ಲೋ ನಾಕ್ಸ್ ಬರ್ನರ್‌ನ ಕೆಲಸ ಜ್ವಾಲೆಯನ್ನು ತಂಪಾಗಿ ಇಡುವುದು. ನಮ್ಮದರಲ್ಲಿ ಚಿಮಣಿಗೆ ಹೋಗುವ ಹೊಗೆಯಲ್ಲಿ ಒಂದಷ್ಟನ್ನು ವಾಪಸ್ ಎಳೆದು ಉರಿಯುವ ಗಾಳಿಗೆ ಬೆರೆಸುತ್ತಾರೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ತಂಪು ಜ್ವಾಲೆ ಅಂದರೆ ಆರಿಹೋಗಲು ಹತ್ತಿರ ಇರುವ ಜ್ವಾಲೆ. ಹಳೆ ಬರ್ನರ್ ಗಾಳಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ತಡೆದುಕೊಂಡು ಉರಿಯುತ್ತಿತ್ತು. ಇದು ತಡೆದುಕೊಳ್ಳುವುದಿಲ್ಲ. ಗಾಳಿ ಜಾಸ್ತಿಯಾದರೆ ಗುಡುಗಿದ ಹಾಗೆ ಸದ್ದು ಮಾಡಿ ಅದುರುತ್ತದೆ, ಕಡಿಮೆಯಾದರೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಮಧ್ಯೆ ಇರುವ ಜಾಗ ಬಹಳ ಕಿರಿದು.

ಎರಡನೇ ವರ್ಷದ ಚಳಿಗಾಲದಲ್ಲಿ ವಾರಕ್ಕೆ ಮೂರು ನಾಲ್ಕು ಸಲ ಟ್ರಿಪ್ ಆಗಲು, ಅಂದರೆ ಬರ್ನರ್ ತಾನಾಗೇ ಆರಿ ನಿಲ್ಲಲು ಶುರುವಾಯಿತು. ರಾತ್ರಿ ಶಿಫ್ಟ್‌ನಲ್ಲೇ ಜಾಸ್ತಿ. ಪ್ಯಾನಲ್‌ನಲ್ಲಿ ಬರುತ್ತಿದ್ದದ್ದು ಒಂದೇ ಸಾಲು, ಫ್ಲೇಮ್ ಫೇಲ್. ಸರ್ವಿಸ್‌ನವರು ಬಂದು ಜ್ವಾಲೆ ಇದೆಯಾ ಅಂತ ನೋಡುವ ಫ್ಲೇಮ್ ಸ್ಕ್ಯಾನರ್ ಬದಲಾಯಿಸಿದರು. ಮತ್ತೆ ಟ್ರಿಪ್. ಗ್ಯಾಸ್ ರೆಗ್ಯುಲೇಟರ್ ನೋಡಿದರು. ಮತ್ತೆ ಟ್ರಿಪ್. ಟ್ರಿಪ್ ಆದಾಗಲೆಲ್ಲ ಮೊದಲಿನಿಂದ ಪರ್ಜ್ ಮಾಡಬೇಕು (ಒಳಗೆ ಉಳಿದ ಗ್ಯಾಸನ್ನು ಗಾಳಿ ಊದಿ ಹೊರಹಾಕಬೇಕು), ಪೈಲಟ್ ಎಂಬ ಚಿಕ್ಕ ಜ್ವಾಲೆ ಹೊತ್ತಿಸಬೇಕು, ಅಷ್ಟರಲ್ಲಿ ಎಣ್ಣೆ 20 ಡಿಗ್ರಿ ಇಳಿದಿರುತ್ತಿತ್ತು. ಲೈನ್‌ನಲ್ಲಿದ್ದ ಮಾಲು ಹಾಳು. ಆ ಎರಡು ತಿಂಗಳು ನಾವು ಅನುಭವಿಸಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಕಾರಣ ಕೊನೆಗೆ ಸಿಕ್ಕಿದ್ದು ಬರ್ನರ್‌ನಲ್ಲಿ ಅಲ್ಲ. ನಮ್ಮ ಒಬ್ಬ ಹಿರಿಯ ಆಪರೇಟರ್, ಹಗಲು ಹೊತ್ತಿನಲ್ಲಿ ಇಣುಕು ಗಾಜಿನಿಂದ ನೋಡಿ, ಜ್ವಾಲೆ ಉದ್ದ ಆಗಿದೆ, ಸೋಮಾರಿ ಥರ ತೂಗುತ್ತಿದೆ, ಗಾಳಿ ಸಾಲುತ್ತಿಲ್ಲ ಅಂದರು. ಆದರೆ ಪ್ಯಾನಲ್‌ನಲ್ಲಿ ಹೊಗೆಯಲ್ಲಿ ಉಳಿದ ಆಕ್ಸಿಜನ್ ಶೇ. 3 ಅಂತ ಸರಿಯಾಗೇ ತೋರಿಸುತ್ತಿತ್ತು. ಎರಡರಲ್ಲಿ ಒಂದು ಸುಳ್ಳು ಅಲ್ವಾ. ಕೈಯಲ್ಲಿ ಹಿಡಿಯುವ ಅನಲೈಸರ್ ತಂದು ಕಾಯಿಲ್ ದಾಟಿದ ತಕ್ಷಣ ಒಂದು ಕಡೆ, ಚಿಮಣಿ ಬುಡದಲ್ಲಿ ಇನ್ನೊಂದು ಕಡೆ ಅಳೆದೆವು. ಮೊದಲ ಜಾಗದಲ್ಲಿ ಶೇ. 1ಕ್ಕಿಂತ ಕಡಿಮೆ, ಬುಡದಲ್ಲಿ ಶೇ. 3. ಅಂದರೆ ನಡುವೆ ಎಲ್ಲೋ ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ. ನಡುವೆ ಇದ್ದದ್ದು ಒಂದೇ ಒಂದು ಕ್ಲೀನಿಂಗ್ ಡೋರ್. ಅದರ ಅಂಚಿಗೆ ತೆಳು ಕಾಗದದ ಚೂರು ಹಿಡಿದೆ, ಸರಕ್ಕನೆ ಸಂದಿಗೆ ಅಂಟಿಕೊಂಡಿತು. ಚಿಮಣಿಯ ಎಳೆತಕ್ಕೆ ಅಲ್ಲಿ ಒತ್ತಡ ಹೊರಗಿಗಿಂತ ಕಡಿಮೆ ಇರುತ್ತದೆ. ಡೋರ್ ಬಿಚ್ಚಿದರೆ ಹಗ್ಗದಂಥ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಪುಡಿಪುಡಿ ಆಗಿತ್ತು, ಬೆರಳಿಟ್ಟರೆ ಉದುರುತ್ತಿತ್ತು.

ಆಗಿದ್ದು ಇಷ್ಟು. ಪ್ಯಾನಲ್‌ಗೆ ಆಕ್ಸಿಜನ್ ಅಂಕೆ ಕೊಡುವ ಪ್ರೋಬ್ ಇರುವುದು ಆ ಡೋರ್ ನಂತರ. ನುಗ್ಗಿದ ಗಾಳಿಯ ಆಕ್ಸಿಜನ್ನನ್ನೂ ಸೇರಿಸಿ ಅದು ಅಳೆಯುತ್ತಿತ್ತು. ಗಾಳಿ ಜಾಸ್ತಿ ಇದೆ ಅಂದುಕೊಂಡು ಟ್ರಿಮ್ (ಪ್ರೋಬ್‌ನ ಅಂಕೆ ನೋಡಿ ಗಾಳಿ ಹೊಂದಿಸುವ ಕಂಟ್ರೋಲ್) ಬರ್ನರ್‌ಗೆ ಗಾಳಿ ಬಿಡುವ ಡ್ಯಾಂಪರ್ ಮುಚ್ಚುತ್ತಾ ಹೋಯಿತು. ಜ್ವಾಲೆಗೆ ಉಸಿರು ಕಟ್ಟಿತು. ರಾತ್ರಿ ಲೋಡ್ ಕಡಿಮೆ, ಹೊಗೆಯೂ ಕಡಿಮೆ, ಆದರೆ ಸಂದಿಯಿಂದ ನುಗ್ಗುವ ಗಾಳಿ ಹೆಚ್ಚುಕಮ್ಮಿ ಅಷ್ಟೇ, ಹಾಗಾಗಿ ಪ್ರೋಬ್‌ನ ಲೆಕ್ಕ ಇನ್ನೂ ಕೆಡುತ್ತಿತ್ತು. ಅದಕ್ಕೇ ರಾತ್ರಿಯೇ ಟ್ರಿಪ್. ಒಂದು ಗ್ಯಾಸ್ಕೆಟ್ ಬದಲಾಯಿಸಿ ಮತ್ತೆ ಟ್ಯೂನ್ ಮಾಡಿಸಿದ ಮೇಲೆ ಟ್ರಿಪ್ ನಿಂತಿತು, ಕಾರ್ಬನ್ ಮಾನಾಕ್ಸೈಡ್ ಇಳಿಯಿತು. ಹೊಗೆಯ ಲೆಕ್ಕ ಬೇರೆ, ಪ್ಲಾಂಟ್ ನಿಲ್ಲದೆ ಓಡುವ ಲೆಕ್ಕ ಬೇರೆ ಅಂತ ನಾವು ಎರಡು ರಿಜಿಸ್ಟರ್ ಇಟ್ಟಿದ್ದೆವು. ಆವತ್ತಿನಿಂದ ಒಂದೇ ರಿಜಿಸ್ಟರ್. ಹೊಗೆ ಕೆಟ್ಟರೆ ವಾರದೊಳಗೆ ಟ್ರಿಪ್ ಬರುತ್ತದೆ ಅಂತಲೇ ಓದುತ್ತೇವೆ.

ಅಳತೆಯ ಬಗ್ಗೆ ಇನ್ನೆರಡು ಮಾತು, ಇದರಲ್ಲಿ ನಾವು ಸುಮ್ನೆ ಕಾಲ ಕಳೆದಿದ್ದೇವೆ. ಚಿಮಣಿಯೊಳಗೇ ಕೂತಿರುವ ಜಿರ್ಕೋನಿಯಾ ಪ್ರೋಬ್ ನೀರಾವಿ ಸಮೇತ ಅಳೆಯುತ್ತದೆ. ಕೈ ಅನಲೈಸರ್ ನೀರು ತೆಗೆದು ಅಳೆಯುತ್ತದೆ. ಗ್ಯಾಸ್ ಉರಿಸುವಾಗ ಕೈ ಅನಲೈಸರ್ ಶೇ. 3 ಅಂದರೆ ಪ್ರೋಬ್ ಶೇ. 2.5 ಆಸುಪಾಸು ತೋರಿಸುತ್ತದೆ. ಎರಡೂ ಸರಿಯೇ. ಇದು ಗೊತ್ತಿಲ್ಲದೆ ಪ್ರೋಬ್ ಕೆಟ್ಟಿದೆ ಅಂತ ಬಿಚ್ಚಿಸಬೇಡಿ. ಇನ್ನೊಂದು, ನಾಕ್ಸ್ ಪಿಪಿಎಂ ಮಾತ್ರ ನೋಡಬೇಡಿ, ಪಕ್ಕದ ಆಕ್ಸಿಜನ್ ಅಂಕೆಯನ್ನೂ ನೋಡಿ. ಗಾಳಿ ಜಾಸ್ತಿ ಬಿಟ್ಟರೆ ಹೊಗೆ ತೆಳುವಾಗಿ ಪಿಪಿಎಂ ಕಡಿಮೆ ಕಾಣುತ್ತದೆ ಅಷ್ಟೇ. ಅದಕ್ಕೇ ಶೇ. 3 ಆಕ್ಸಿಜನ್‌ಗೆ ತಿದ್ದಿ ಹೇಳುವ ರೂಢಿ ಇರುವುದು. ಶೇ. 6ರಲ್ಲಿ ಅಳೆದ 30 ಪಿಪಿಎಂ ತಿದ್ದಿದ ಮೇಲೆ 36 ಆಗುತ್ತದೆ.

ಹವಾಮಾನ ಬದಲಾದಾಗಲೂ ಟ್ಯೂನಿಂಗ್ ನೋಡಿಸಬೇಕು. 40 ಡಿಗ್ರಿಯ ಗಾಳಿಗಿಂತ 10 ಡಿಗ್ರಿಯ ಗಾಳಿ ಹತ್ತತ್ತಿರ ಶೇ. 10 ಭಾರ. ಫ್ಯಾನ್ ತಳ್ಳುವುದು ಅದೇ ಗಾತ್ರದ ಗಾಳಿಯನ್ನು, ತೂಕ ಮಾತ್ರ ಬೇರೆ. ಟ್ರಿಮ್ ಇದನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ, ಪೂರ್ತಿ ಅದರ ಮೇಲೆ ಬಿಡುವ ಧೈರ್ಯ ನನಗಿಲ್ಲ. ವರ್ಷಕ್ಕೆ ಎರಡು ಸಲ ಮಾಡಿಸುತ್ತೇವೆ.

ಇನ್ನು ಎಣ್ಣೆ ಮತ್ತು ಕಾಯಿಲ್. ಮೂರನೇ ವರ್ಷ ಒಂದು ಮಧ್ಯಾಹ್ನ ಪೂರ್ತಿ ಲೋಡ್‌ನಲ್ಲಿದ್ದಾಗ ಕರೆಂಟ್ ಹೋಯಿತು. ಬರ್ನರ್ ನಿಂತಿತು, ಅದು ಸರಿ. ಪಂಪೂ ನಿಂತಿತು. ಬೆಂಕಿ ಆರಿದರೂ ಒಳಗಿನ ಇಟ್ಟಿಗೆ ಗೋಡೆ ಕೆಂಪಗೆ ಕಾದಿರುತ್ತದೆ, ಆ ಕಾವೆಲ್ಲ ಕಾಯಿಲ್‌ನಲ್ಲಿ ನಿಂತ ಎಣ್ಣೆಗೇ ಹೋಗುತ್ತದೆ. ಕೊಳವೆಯ ಗೋಡೆಗೆ ತಾಗಿದ ಪದರದಲ್ಲಿ ಎಣ್ಣೆ ತನ್ನ ಮಿತಿ ದಾಟಿ ಸೀದು ಇದ್ದಿಲಿನಂತೆ ಅಂಟಿಕೊಳ್ಳುತ್ತದೆ. ಅವತ್ತು ಏನೂ ಕಾಣಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅದೇ ಲೋಡ್‌ಗೆ ಚಿಮಣಿಯ ಉಷ್ಣತೆ ನಿಧಾನವಾಗಿ ಏರುತ್ತಾ ಹೋಯಿತು. ಒಳಗೆ ಕಟ್ಟಿದ ಪದರ ಕಾವನ್ನು ಎಣ್ಣೆಗೆ ಬಿಡುತ್ತಿಲ್ಲ, ಅದು ಹೊಗೆಯ ಜೊತೆ ಹೊರಗೆ ಹೋಗುತ್ತಿದೆ ಅಂತ ಅರ್ಥ. ಚಿಮಣಿ ಸುಮಾರು 20 ಡಿಗ್ರಿ ಏರಿತು ಅಂದರೆ ದಕ್ಷತೆ ಶೇ. 1ರಷ್ಟು ಇಳಿಯಿತು ಅಂತ ಸಾಮಾನ್ಯ ಲೆಕ್ಕ. ಇಂಧನ ಹೋಗಲಿ, ಕೊಳವೆಯ ಲೋಹವೇ ಬಿಸಿಯಾಗಿ ಸೋರುವ ಅಪಾಯ ಅದಕ್ಕಿಂತ ದೊಡ್ಡದು, ಸೋರಿದ ಎಣ್ಣೆ ಬೀಳುವುದು ನೇರವಾಗಿ ಬೆಂಕಿಗೆ. ಕಾಯಿಲ್ ತೊಳೆಸಬೇಕಾಯಿತು. ಕರೆಂಟ್ ಹೋದಾಗ ಎಣ್ಣೆ ತಿರುಗಿಸಲು ಚಿಕ್ಕ ಡೀಸೆಲ್ ಪಂಪ್ ಆಮೇಲೆ ಹಾಕಿದೆವು. ಮೊದಲ ಕೊಟೇಶನ್‌ನಲ್ಲಿ ಅದು ಐಚ್ಛಿಕ ಅಂತ ಇತ್ತು, ನಾವು ಬೇಡ ಅಂದಿದ್ದೆವು. ಯಾರೂ ಬೇಡ ಅನ್ನಬೇಡಿ, ಕೈ ಮುಗಿದು ಹೇಳುತ್ತೇನೆ.

ಹರಿವು ಕಡಿಮೆಯಾದರೆ ಬರ್ನರ್ ನಿಲ್ಲಿಸುವ ಇಂಟರ್‌ಲಾಕ್ ಇದೆಯಲ್ಲ, ಅದನ್ನು ತಿಂಗಳಿಗೊಮ್ಮೆ ನಿಜವಾಗಿ ಕೆಲಸ ಮಾಡಿಸಿ ನೋಡಿ. ಸೇವೆಗೆ ಬಂದ ಒಬ್ಬರು ಟ್ರಿಪ್ ಹುಡುಕುವಾಗ ಅದಕ್ಕೆ ವೈರ್ ಕೊಟ್ಟು ಬೈಪಾಸ್ ಮಾಡಿ ಬಿಚ್ಚದೆ ಹೋಗಿದ್ದರು. ಮೂರು ದಿನ ಹಾಗೇ ಓಡಿತ್ತು. ಇದನ್ನು ನಾನು ಕ್ಷಮಿಸಿಲ್ಲ.

ಎಣ್ಣೆ ಹಿಗ್ಗುವುದು ಮೊದಲ ಸಲ ನೋಡುವವರಿಗೆ ಗಾಬರಿ ಹುಟ್ಟಿಸುತ್ತದೆ, 280 ಡಿಗ್ರಿಗೆ ಬರುವಾಗ ಶೇ. 20ಕ್ಕೂ ಮೇಲೆ ಹಿಗ್ಗುತ್ತದೆ. ಮೇಲಿನ ಎಕ್ಸ್‌ಪಾನ್ಶನ್ ಟ್ಯಾಂಕ್ ಅದಕ್ಕೇ ಇರುವುದು. ಆ ಟ್ಯಾಂಕ್ ತಣ್ಣಗಿರಬೇಕು. ಬಿಸಿ ಎಣ್ಣೆಗೆ ಗಾಳಿ ತಾಗಿದರೆ ಹುಳಿಯಾಗಿ ಕೆಸರು ಕಟ್ಟುತ್ತದೆ. ನಾವು ನೈಟ್ರೋಜನ್ ಹೊದಿಕೆ ಹಾಕಿಸಿದ ಮೇಲೆ ಎಣ್ಣೆಯ ಆಸಿಡ್ ಅಂಕೆ ಏರುವುದು ನಿಧಾನ ಆಯಿತು. ವರ್ಷಕ್ಕೊಮ್ಮೆ ಎಣ್ಣೆ ಲ್ಯಾಬ್‌ಗೆ ಹೋಗುತ್ತದೆ. ಸ್ನಿಗ್ಧತೆ, ಆಸಿಡ್, ಫ್ಲಾಶ್ ಪಾಯಿಂಟ್, ಇಷ್ಟು ಸಾಕು.

ಲ್ಯಾಗಿಂಗ್, ಅಂದರೆ ಪೈಪಿಗೆ ಸುತ್ತುವ ಇನ್ಸುಲೇಶನ್ ಬಗ್ಗೆ ಯಾರೂ ನಮಗೆ ಹೇಳಿರಲಿಲ್ಲ. ಒಂದು ಬೆಳಗ್ಗೆ ಪಂಪ್ ಪಕ್ಕದ ಫ್ಲೇಂಜ್ (ಪೈಪುಗಳನ್ನು ಬೋಲ್ಟ್ ಹಾಕಿ ಸೇರಿಸುವ ಕೂಡು) ಹತ್ತಿರ ಅಲ್ಯೂಮಿನಿಯಂ ಹೊದಿಕೆಯ ಸಂದಿಯಿಂದ ನೂಲಿನಷ್ಟು ಹೊಗೆ ಬರುತ್ತಿತ್ತು. ಹನಿಹನಿ ಸೋರಿದ ಎಣ್ಣೆ ಒಳಗಿನ ಉಣ್ಣೆಯಂಥ ಇನ್ಸುಲೇಶನ್‌ನಲ್ಲಿ ಹೀರಿಕೊಂಡು, ಅಲ್ಲೇ ಗಾಳಿಯ ಜೊತೆ ಸೇರಿ ತನ್ನಷ್ಟಕ್ಕೆ ಕಾಯುತ್ತಾ ಇತ್ತು. ಗಡಿಬಿಡಿಯಲ್ಲಿ ಹೊದಿಕೆ ಕಿತ್ತರೆ ಗಾಳಿ ನುಗ್ಗಿ ಭಗ್ ಅಂತ ಹತ್ತಿಕೊಳ್ಳುವ ಹಂತ ಅದು. ಹೀಟರ್ ನಿಲ್ಲಿಸಿ, ಆ ಲೈನ್ ತಣ್ಣಗಾಗುವವರೆಗೆ ಕಾದು, ಬೆಂಕಿ ಆರಿಸುವ ಸಿಲಿಂಡರ್ ಕೈಯಲ್ಲಿ ಹಿಡಿದುಕೊಂಡೇ ಬಿಚ್ಚಿದೆವು. ಉಣ್ಣೆ ಒಳಗೆ ಕಪ್ಪಾಗಿ ಗಟ್ಟಿಯಾಗಿತ್ತು. ಈಗ ಫ್ಲೇಂಜ್, ವಾಲ್ವ್ ಇರುವ ಕಡೆಯೆಲ್ಲ ಎಣ್ಣೆ ಹೀರದ ಗಾಜಿನ ಫೋಮ್ ಹಾಕಿದ್ದೇವೆ, ಕೆಲವು ಫ್ಲೇಂಜ್‌ಗಳನ್ನು ಕಣ್ಣಿಗೆ ಕಾಣುವ ಹಾಗೆ ತೆರೆದೇ ಬಿಟ್ಟು ಸುತ್ತ ಜಾಲರಿ ಕಟ್ಟಿದ್ದೇವೆ.

ಪಂಪ್ ಸೀಲ್ ಎರಡು ಸಲ ಬದಲಾಗಿದೆ. ಸರ್ವೋ ಮೋಟಾರ್ ಒಂದು. ಹೊಗೆ ವಾಪಸ್ ತರುವ ಡಕ್ಟ್‌ನಲ್ಲಿ ನೀರು ಕಟ್ಟಿ ತುಕ್ಕು ಹಿಡಿದಿತ್ತು, ತಳದಲ್ಲಿ ಡ್ರೈನ್ ಹಾಕಿಸಿದ ಮೇಲೆ ಆ ಕಾಟ ಇಲ್ಲ. ಇವು ಸಾಮಾನ್ಯ ಸವಕಳಿ.

ಒಂದು ಸ್ಟಾರ್ ಕಡಿತ ಮಾಡಿದ್ದು ಕೈಪಿಡಿಗೆ. ಆರಂಭದ ಸೂಚನೆ ನಲವತ್ತು ಪುಟ ಇದೆ, ಆ ಕ್ಲೀನಿಂಗ್ ಡೋರ್ ಗ್ಯಾಸ್ಕೆಟ್ ಬಗ್ಗೆ ಒಂದು ಸಾಲೂ ಇಲ್ಲ, ಬಿಡಿಭಾಗಗಳ ಪಟ್ಟಿಯಲ್ಲಿ ಅದರ ನಂಬರ್ ಸಹ ಇರಲಿಲ್ಲ. ಈಗ ನಾವೇ ಹಗ್ಗದ ಸುರುಳಿ ತಂದಿಟ್ಟುಕೊಂಡು ಆರು ತಿಂಗಳಿಗೊಮ್ಮೆ ಹೊಸದಾಗಿ ಕೂರಿಸುತ್ತೇವೆ. ಬೆಳಗ್ಗೆ ಶಿಫ್ಟ್‌ನವರು ಕಾಗದದ ಚೂರು ಹಿಡಿದು ಡೋರ್ ಸುತ್ತ ಒಂದು ಸುತ್ತು ನೋಡುತ್ತಾರೆ, ಎರಡು ನಿಮಿಷದ ಕೆಲಸ. ಹೋದ ಹದಿನಾಲ್ಕು ತಿಂಗಳಲ್ಲಿ ಫ್ಲೇಮ್ ಫೇಲ್ ಟ್ರಿಪ್ ಒಂದೂ ಆಗಿಲ್ಲ.