ಅರವತ್ತರ ನಂತರ ಗಿಟಾರ್: ಯಮಾಹಾ ಸಿ40, ಕೆಲವು ಮಳೆಗಾಲಗಳ ಬಳಿಕ

ಅರವತ್ತು ದಾಟಿದ ಮೇಲೆ ಗಿಟಾರ್ ಕಲಿಯಲು ಹೊರಟವರು ಸ್ಟೀಲ್ ತಂತಿಯದ್ದು ಕೊಳ್ಳಬೇಡಿ. ನೈಲಾನ್ ತಂತಿಯದ್ದು ತಗೊಳ್ಳಿ. ಮುಂಬೈಯ ಮುಲುಂಡಿನ ನಮ್ಮ ಫ್ಲ್ಯಾಟಿನಲ್ಲಿ ಯಮಾಹಾ ಸಿ40 ಅನ್ನುವ ನೈಲಾನ್ ಗಿಟಾರ್ ಇಟ್ಟುಕೊಂಡು ಕೆಲವು ಮಳೆಗಾಲ ಕಳೆದಿದ್ದೇನೆ. ಈಗಲೂ ದಿನಾ ನುಡಿಸುತ್ತೇನೆ. ನಮ್ಮ ಬಿಲ್ಡಿಂಗಿನಲ್ಲಿ ಅಟ್ಟ ಸೇರಿದ ಗಿಟಾರುಗಳು ಎಷ್ಟಿವೆ ಅಂತ ಗೊತ್ತಿರುವವರಿಗೆ ಇದು ಸಣ್ಣ ಮಾತಲ್ಲ ಅಂತ ಅರ್ಥವಾದೀತು.

ಮಗ ಕಾಲೇಜಿನಲ್ಲಿದ್ದಾಗ ಕೊಂಡ ಸ್ಟೀಲ್ ತಂತಿಯ ಗಿಟಾರೂ ಮನೆಯಲ್ಲಿದೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಮೊದಲು ಮುಟ್ಟಿದ್ದು ಅದನ್ನೇ. ಬೆರಳ ತುದಿಗಳು ಉರಿದು, ಅವತ್ತು ಸಂಜೆ ಕೊತ್ತಂಬರಿ ಸೊಪ್ಪು ಬಿಡಿಸುವುದೂ ಕಷ್ಟವಾಯಿತು. ಕಾರಣ ಸರಳ. ಸ್ಟೀಲ್ ಗಿಟಾರಿನ ಆರು ತಂತಿಗಳ ಒಟ್ಟು ಬಿಗಿತ ಸುಮಾರು 70 ಕೆಜಿ. ನೈಲಾನಿನಲ್ಲಿ ಅದು 40ರ ಆಸುಪಾಸು. ತಂತಿಯೂ ದಪ್ಪ, ಚರ್ಮಕ್ಕೆ ಕೊರೆಯುವುದಿಲ್ಲ. ನೋವು ಇಲ್ಲವೇ ಇಲ್ಲ ಅಂತಲ್ಲ, ಆದರೆ ಮರುದಿನ ಮತ್ತೆ ಕೂರುವಷ್ಟೇ ಇರುತ್ತದೆ. ಒಂದು ಕಿವಿಮಾತು: ಪಾತ್ರೆ ತೊಳೆದ ಕೂಡಲೇ ನುಡಿಸಲು ಕೂರಬೇಡಿ. ನೀರಿನಲ್ಲಿ ನೆನೆದ ಬೆರಳು ಮೆತ್ತಗಾಗಿರುತ್ತದೆ, ಗಟ್ಟಿಯಾದ ಚರ್ಮ ಕಿತ್ತು ಬರುತ್ತದೆ. ಮೊದಲು ಅಭ್ಯಾಸ, ಆಮೇಲೆ ಸಿಂಕು.

ಇನ್ನು, ಈ ಜಾತಿಯ ಗಿಟಾರಿನ ಕುತ್ತಿಗೆ ಅಗಲ. ಸಿ40ರಲ್ಲಿ ಮೇಲ್ತುದಿಯ ಅಗಲ 52 ಮಿ.ಮೀ., ಸ್ಟೀಲ್ ಗಿಟಾರುಗಳಲ್ಲಿ ಸಾಮಾನ್ಯವಾಗಿ 43ರ ಹತ್ತಿರ. ಅಗಲವಿದ್ದರೆ ನಮ್ಮಂಥವರ ಬೆರಳು ಪಕ್ಕದ ತಂತಿಗೆ ತಾಗುವುದು ಕಡಿಮೆ. ಆದರೆ ತೋರುಬೆರಳನ್ನು ಅಡ್ಡಲಾಗಿ ಮಲಗಿಸಿ ಆರೂ ತಂತಿ ಒತ್ತುವ ಎಫ್ ಕಾರ್ಡ್ (ಕಾರ್ಡ್ ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸುವ ಹಿಡಿತ) ನನಗೆ ಇನ್ನೂ ಪೂರ್ತಿ ಬಂದಿಲ್ಲ. ನಾಲ್ಕು ತಂತಿಯ ಎಫ್ ಹಿಡಿದು ಮುಂದೆ ಹೋಗುತ್ತೇನೆ. ಯಾರೂ ಪೊಲೀಸರನ್ನು ಕರೆದಿಲ್ಲ.

ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ನೈಲಾನ್ ಗಿಟಾರಿನ ಕುತ್ತಿಗೆಯ ಮುಖದ ಮೇಲೆ ಫ್ರೆಟ್ ಗುರುತಿನ ಚುಕ್ಕೆ ಇಡುವ ರೂಢಿಯಿಲ್ಲ. ಬೈಫೋಕಲ್ ಕನ್ನಡಕ ಹಾಕಿಕೊಂಡು ಏಳನೇ ಫ್ರೆಟ್ ಯಾವುದು ಅಂತ ಎಣಿಸುವಷ್ಟರಲ್ಲಿ ತಾಳ ತಪ್ಪಿರುತ್ತದೆ. ನಾನು ಕುತ್ತಿಗೆಯ ಮೇಲಂಚಿನಲ್ಲಿ, ಬಗ್ಗಿದರೆ ಕಾಣುವ ಕಡೆ, 5, 7, 10ನೇ ಫ್ರೆಟ್ಟಿನ ಹತ್ತಿರ ಸಣ್ಣ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದೇನೆ. ಬಿದ್ದರೆ ಇನ್ನೊಂದು. ಪ್ಯಾಕೆಟ್ ಹೇಗೂ ಮನೆಯಲ್ಲಿರುತ್ತದೆ, ಅಲ್ವಾ?

ಕೊಳ್ಳುವವರು ಅಂಗಡಿಗೆ ಹೋಗಿ ಮಡಿಲಲ್ಲಿಟ್ಟು ನೋಡಿ. 1865ರಲ್ಲಿ ಶುರುವಾದ ವಾದ್ಯಗಳ ಅಂಗಡಿ ಫುರ್ಟಾಡೋಸ್ ಮುಂಬೈಯ ಧೋಬಿ ತಲಾವಿನ ಜೆರ್ ಮಹಲಿನಲ್ಲಿದೆ, ಸಿಎಸ್‌ಎಂಟಿಯಲ್ಲಿ ರೈಲಿನಿಂದ ಇಳಿದರೆ ನಡೆದೇ ಹೋಗಬಹುದು. ಬರುವಾಗ ಮಾತ್ರ ಸಂಜೆಯ ಫಾಸ್ಟ್ ಲೋಕಲ್ ಬೇಡ. ಮಧ್ಯಾಹ್ನವೇ ಹೊರಡಿ.

ಮುಂಬೈಯಲ್ಲಿ ಗಿಟಾರಿಗೆ ನಿಜವಾದ ಪರೀಕ್ಷೆ ಜೂನಿನಿಂದ ಸೆಪ್ಟೆಂಬರ್. ಗಿಟಾರಿಗೆ ಗಾಳಿಯ ತೇವ 45ರಿಂದ 55 ಶೇಕಡಾ ಇದ್ದರೆ ಒಳ್ಳೆಯದು ಅನ್ನುತ್ತಾರೆ. ಇಲ್ಲಿ ಜುಲೈಯಲ್ಲಿ ಅದು 80 ದಾಟಿ ಕೂತಿರುತ್ತದೆ. ಮರ ನೀರು ಕುಡಿದು ಉಬ್ಬುತ್ತದೆ. ಮೇಲಿನ ಹಲಗೆ ಸ್ವಲ್ಪ ಎದ್ದರೆ ತಂತಿಯೂ ಎತ್ತರವಾಗುತ್ತದೆ, ಒತ್ತುವುದಕ್ಕೆ ಜಾಸ್ತಿ ಬಲ ಬೇಕು. ಅಂಗಡಿಗಳಲ್ಲಿ ಇಡೀ ಮರದ ಹಲಗೆಯ ದುಬಾರಿ ಗಿಟಾರ್ ತೋರಿಸುತ್ತಾರೆ. ದನಿ ಚೆನ್ನಾಗಿರುತ್ತದೆ, ನಿಜ. ಆದರೆ ಅದು ತೇವಕ್ಕೆ ಬೇಗ ಅಲುಗುತ್ತದೆ. ಸಿ40ರದ್ದು ಪದರ ಪದರವಾಗಿ ಅಂಟಿಸಿದ ಸ್ಪ್ರೂಸ್ ಮರ. ದನಿ ಒಂದು ಮೆಟ್ಟಿಲು ಕೆಳಗೆ, ತಲೆನೋವು ಎರಡು ಮೆಟ್ಟಿಲು ಕಡಿಮೆ. ನಮ್ಮ ಊರಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಮಳೆ ಶುರುವಾದರೆ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತೇನೆ, ಬಣ್ಣ ತಿರುಗಿದರೆ ಬದಲಿಸುತ್ತೇನೆ. ಹೊರಗೋಡೆಗೆ ಒರಗಿಸಿ ಇಡಬೇಡಿ, ಆ ಗೋಡೆ ಒಳಗಿನಿಂದಲೇ ಒದ್ದೆಯಾಗಿರುತ್ತದೆ. ಮೂರು ದಪ್ಪ ತಂತಿಗಳ ಮೇಲೆ ಬೆಳ್ಳಿ ಲೇಪದ ತಾಮ್ರದ ಸುರುಳಿ ಇರುತ್ತದೆ. ಸಮುದ್ರದ ಗಾಳಿಗೆ, ಬೆವರಿಗೆ ಅದು ಕಪ್ಪಾಗಿ ದನಿ ಮಂಕಾಗುತ್ತದೆ. ನುಡಿಸಿದ ಮೇಲೆ ಹಳೆಯ ಹತ್ತಿ ಸೀರೆಯ ತುಂಡಿನಿಂದ ಒರೆಸಿದರೆ ಬಾಳಿಕೆ ಹೆಚ್ಚು. ಹೊಸ ತಂತಿ ಹಾಕಿದ ಮೇಲೆ ಒಂದು ವಾರ ಶ್ರುತಿ ಇಳಿಯುತ್ತಲೇ ಇರುತ್ತದೆ. ಗಾಬರಿ ಬೇಡ, ನೈಲಾನ್ ಎಳೆದುಕೊಳ್ಳುವುದೇ ಹಾಗೆ. ಬಿಗಿಯಾಗಿರಲಿ ಅಂತ ಸ್ಟೀಲ್ ತಂತಿಯನ್ನು ಮಾತ್ರ ಇದಕ್ಕೆ ಹಾಕಬೇಡಿ, ತಂತಿ ಕಟ್ಟುವ ಬ್ರಿಜ್ಜೇ ಕಿತ್ತುಬಂದೀತು.

ಹತ್ತಿರದ ಒಂದು ಕ್ಲಾಸಿಗೆ ಸೇರಿದ್ದೆ. ಮೂರು ತಿಂಗಳ ಫೀಸು ಮುಂಗಡ ತಗೊಂಡು, ಹತ್ತು ವರ್ಷದ ಮಕ್ಕಳ ಜೊತೆ ಕೂರಿಸಿ, ಕಾರ್ಡ್ ಚಾರ್ಟ್ ಕೈಗೆ ಕೊಟ್ಟರು. ಬಿಟ್ಟೆ. ಈಗ ಮನೆಗೇ ಬಂದು ಹೇಳಿಕೊಡುವ ಹುಡುಗನೊಬ್ಬ ಸಿಕ್ಕಿದ್ದಾನೆ. ನನ್ನನ್ನು ಆಂಟಿ ಅನ್ನುತ್ತಾನೆ, ನಾನು ಅವನನ್ನು ಮೇಷ್ಟ್ರೇ ಅಂತ ಕರೆದರೆ ನಾಚುತ್ತಾನೆ. ಅವನಿಗೆ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಗೊತ್ತಿರಲಿಲ್ಲ. ಉಡುಪಿಯಲ್ಲಿ ಚಿಕ್ಕಂದಿನಲ್ಲಿ ಕಲಿತದ್ದು ನನ್ನ ಬಾಯಲ್ಲಿತ್ತು, ಕೈಗೆ ಇಳಿಸಬೇಕಿತ್ತು.

ಇಲ್ಲೇ ನನಗೆ ಈ ಗಿಟಾರ್ ನಿಜವಾಗಿ ಹಿಡಿಸಿದ್ದು. ಸಪೂರ ತಂತಿಯಿಂದ ಎಣಿಸಿ ಐದನೇ ತಂತಿಯ 3ನೇ ಫ್ರೆಟ್ಟಿನಲ್ಲಿ ಸ ಇಟ್ಟುಕೊಳ್ಳಿ. ಸರಳೆ ವರಸೆಯ ರಾಗವಾದ ಮಾಯಾಮಾಳವಗೌಳದಲ್ಲಿ ರಿ 4ರಲ್ಲಿ, ಗ 7ರಲ್ಲಿ, ಮ 8ರಲ್ಲಿ ಸಿಗುತ್ತದೆ. ನಾಲ್ಕನೇ ತಂತಿಗೆ ಬನ್ನಿ: ಪ 5, ದ 6, ನಿ 9, ಮೇಲಿನ ಸ 10. ಅದೇ ಅಂತರ, ಅದೇ ಬೆರಳು, ಎರಡು ಫ್ರೆಟ್ ಸರಿದು ಕೂತಿದೆ ಅಷ್ಟೇ. ಪೂರ್ವಾಂಗ (ಸದಿಂದ ಮವರೆಗೆ), ಉತ್ತರಾಂಗ (ಪದಿಂದ ಮೇಲಿನ ಸವರೆಗೆ) ಒಂದೇ ಅಳತೆ ಅಂತ ಆಗ ಬಾಯಿಪಾಠ ಮಾಡಿದ್ದನ್ನು ಈಗ ಕಣ್ಣಾರೆ ಕಂಡೆ. ಮೇಷ್ಟ್ರೂ ಕೂತು ನುಡಿಸಿದ. ಗಮಕದ, ಅಂದರೆ ಸ್ವರವನ್ನು ಅಲುಗಿಸುವ ವಿಷಯಕ್ಕೆ ಬಂದರೆ ಜಾಸ್ತಿ ಆಸೆ ಬೇಡ. ನೈಲಾನ್ ತಂತಿಯನ್ನು ಪಕ್ಕಕ್ಕೆ ಎಳೆದರೂ ಸ್ವರ ಹೆಚ್ಚು ಏರುವುದಿಲ್ಲ, ವೀಣೆಯ ಕೆಲಸ ಇದರಿಂದಾಗದು. ಬೆರಳು ಜಾರಿಸಿ ತೆಗೆಯುವ ಜಾರು ಮಾತ್ರ ಸೊಗಸಾಗಿ ಬರುತ್ತದೆ.

ದನಿ ಮೆಲು. ಬಾಗಿಲು ಹಾಕಿಕೊಂಡರೆ ನಮ್ಮ ಯಜಮಾನರ ಟಿವಿಗೂ ತೊಂದರೆಯಿಲ್ಲ. ಹತ್ತು ಜನ ಸೇರಿದ ಭಜನೆಯಲ್ಲಿ ಮಾತ್ರ ಇದು ಕೇಳಿಸುವುದೇ ಇಲ್ಲ, ಹಾರ್ಮೋನಿಯಂ ನುಂಗಿಬಿಡುತ್ತದೆ. ಎಡಗಾಲು ಎತ್ತರಿಸಲು ಮಡಚುವ ಸ್ಟೂಲ್ ಮಾರುತ್ತಾರೆ. ಸುಮ್ನೆ ದುಡ್ಡು. ನಾನು ಊಟದ ಮಣೆಯನ್ನೇ ಇಟ್ಟುಕೊಂಡಿದ್ದೇನೆ.

ಕೈ ಚಿಕ್ಕದಿರುವವರಿಗೆ ಒಂದು ಮಾತು. ಸಿ40ರ ತಂತಿಯ ಉದ್ದ 650 ಮಿ.ಮೀ. ಇದೇ ಯಮಾಹಾದಲ್ಲಿ ಸಿಎಸ್40 ಅಂತ 580 ಮಿ.ಮೀ.ನ ಚಿಕ್ಕದೊಂದಿದೆ. ಮಕ್ಕಳದ್ದು ಅಂತ ಅಂಗಡಿಯವರು ಒಳಗಿಟ್ಟಿರುತ್ತಾರೆ, ಕೇಳಿ ತೆಗೆಸಿ. ಪುಣೆಯಲ್ಲಿರುವ ನನ್ನ ವಾರಗಿತ್ತಿ ಎರಡನ್ನೂ ಹಿಡಿದು ನೋಡಿ ಅದನ್ನೇ ಆರಿಸಿಕೊಂಡಳು. ಅವಳಿಗೆ ಎಫ್ ಕಾರ್ಡ್ ಪೂರ್ತಿ ಬರುತ್ತದೆ.