ಸೈಕಾಲಜಿ: ಬಿಎನಾ, ಬಿಎಸ್ಸಿನಾ?

ಪಿಯುಸಿ ಮುಗಿಸಿ ಸೈಕಾಲಜಿ ಓದಬೇಕು ಅನ್ನುವವರು ಮೊದಲು ಕೇಳುವ ಪ್ರಶ್ನೆ ಇದೇ. ನಿಜ ಹೇಳಬೇಕೆಂದರೆ, ಸೈಕಾಲಜಿಯ ಪಾಠದಲ್ಲಿ ಎರಡಕ್ಕೂ ಅಂಥ ದೊಡ್ಡ ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಇರುವುದು ಜೊತೆಗೆ ಬರುವ ವಿಷಯಗಳಲ್ಲಿ. ಬಿಎ ಆದರೆ ಸಮಾಜಶಾಸ್ತ್ರ, ಪತ್ರಿಕೋದ್ಯಮ, ಇಂಗ್ಲಿಷ್ ಥರದವು ಸಿಗಬಹುದು. ಬಿಎಸ್ಸಿ ಆದರೆ ಪ್ರಾಣಿಶಾಸ್ತ್ರವೋ ಸಂಖ್ಯಾಶಾಸ್ತ್ರವೋ ಇರಬಹುದು, ಲ್ಯಾಬ್ ಕೆಲಸವೂ ಜಾಸ್ತಿ. ಮೆದುಳು, ನರಗಳ ಕಡೆ ಆಸಕ್ತಿ ಇದ್ದರೆ ಬಿಎಸ್ಸಿ, ಜನ, ಶಾಲೆ, ಎಚ್‌ಆರ್ ಕಡೆ ಒಲವಿದ್ದರೆ ಬಿಎ. ನನ್ನನ್ನು ಕೇಳಿದರೆ ಅಷ್ಟೇ ಲೆಕ್ಕ.

ಬಿಎ ತಗೊಂಡರೆ ಲೆಕ್ಕದಿಂದ ತಪ್ಪಿಸಿಕೊಳ್ಳಬಹುದು ಅಂದುಕೊಂಡಿದ್ದೀರಾ? ಸರಾಸರಿ, ಸಹಸಂಬಂಧ ಎಲ್ಲಾ ಅಲ್ಲೂ ಕಾದಿರುತ್ತವೆ.

ಇನ್ನೊಂದು ಮಾತು. ಸಾಮಾನ್ಯ ಬಿಎ, ಬಿಎಸ್ಸಿ ಮುಗಿಸಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಮುಂದೆ ಓದಬೇಕು, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು. ಮಾತ್ರೆ ಬರೆಯುವ ಆಸೆ ಇದ್ದರೆ ದಾರಿಯೇ ಬೇರೆ, ಎಂಬಿಬಿಎಸ್ ಮಾಡಿ ಸೈಕಿಯಾಟ್ರಿ.

ಅಂದಹಾಗೆ, 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಅನ್ನುವ ರೇಡಿಯೋ ಕೇಂದ್ರ ಶುರು ಮಾಡಿದ ಗೋಪಾಲಸ್ವಾಮಿ ಸೈಕಾಲಜಿ ಮೇಷ್ಟ್ರು. ಈ ಡಿಗ್ರಿ ಎಲ್ಲಿಗೆ ಕರೆದೊಯ್ಯುತ್ತೋ ಯಾರಿಗೆ ಗೊತ್ತು, ಅಲ್ವಾ?